48 ಮೊಟ್ಟೆಯ ಇನ್‌ಕ್ಯುಬೇಟರ್ ರಿವ್ಯೂ: ನಮ್ಮ ಹುಂಜದ್ದು ತಪ್ಪಿರಲಿಲ್ಲ

ಈ ರಿವ್ಯೂ ಬರೆಯುವ ಮುಂಚೆ ಎರಡು ಬ್ಯಾಚ್ ಪೂರ್ತಿ ಮುಗಿಯಲಿ ಅಂತ ಕಾದೆ. ಮೊದಲ ಬ್ಯಾಚ್ ಆದ ದಿನವೇ ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು ಬಯ್ದು ಮುಗಿಸುತ್ತಿದ್ದೆ. ಈಗ ಹಾಗೆ ಬಯ್ಯುವುದಿಲ್ಲ. ಆದರೆ ಮೊಟ್ಟೆ ವಿಷಯದಲ್ಲಿ ಒಂದು ಪದ ತಪ್ಪಾಗಿ ಬಳಸಿದರೆ ಎಷ್ಟು ನಷ್ಟ ಆಗುತ್ತೆ ಅನ್ನೋದನ್ನು ಮಾತ್ರ ಬಿಡಿಸಿ ಹೇಳಲೇಬೇಕು. ಮನೆಯಲ್ಲಿ ನಾಲ್ಕಾರು ನಾಟಿ ಕೋಳಿ ಸಾಕಿಕೊಂಡು, ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಮಿಷನ್) ತಗೋಬೇಕು ಅಂತಿರುವವರು ಇದನ್ನು ಓದಲಿ.

ನಮ್ಮೂರು ತಿಪಟೂರು ಕಡೆ. ಮನೆಯಲ್ಲಿ ಒಂಬತ್ತು ಹೇಂಟೆ, ಒಂದು ಹುಂಜ. ಕೋಳಿ ವ್ಯವಹಾರ ಎಲ್ಲಾ ನಮ್ಮ ಅತ್ತೆಯದು, ನಾನು ಸೇರಿಕೊಂಡಿದ್ದು ಈಚೆಗೆ. ಒಂದು ಹೇಂಟೆ ಕಾವಿಗೆ ಕೂತರೆ ಹನ್ನೆರಡು ಮೊಟ್ಟೆಗಿಂತ ಜಾಸ್ತಿ ಮುಚ್ಚಿಕೊಳ್ಳೋಕೆ ಆಗಲ್ಲ. ಮೇಲಾಗಿ 21 ದಿನ ಕಾವು, ಆಮೇಲೆ ಮರಿಗಳ ಹಿಂದೆ ಒಂದೂವರೆ ಎರಡು ತಿಂಗಳು ಓಡಾಟ. ಅಷ್ಟೂ ದಿನ ಆ ಹೇಂಟೆ ಮೊಟ್ಟೆ ಇಡುವುದಿಲ್ಲ. ಹಾಗಾಗಿ ಮಿಷನ್ ತರೋಣ ಅಂತ ನಾನೇ ಹಟ ಹಿಡಿದೆ. ಆನ್‌ಲೈನಲ್ಲಿ ಐದೂವರೆ ಸಾವಿರಕ್ಕೆ ಬಂತು. ಕಂಪನಿ ಹೆಸರು ಇಲ್ಲಿ ಬೇಡ. ಇದೇ ಡಬ್ಬಿ ನಾಲ್ಕೈದು ಹೆಸರಲ್ಲಿ ಸಿಗುತ್ತದೆ, ಒಳಗಿರುವುದೆಲ್ಲಾ ಒಂದೇ ಥರ.

ಮೊದಲು ಮಿಷನ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಬಾಡಿ, ಮೇಲೆ ಪಾರದರ್ಶಕ ಮುಚ್ಚಳ, ನಡುವೆ ಒಂದು ಫ್ಯಾನು. ಮೊಟ್ಟೆ ಹೊರಳಿಸುವ ಟ್ರೇಗೆ ಸಣ್ಣ ಮೋಟರ್ ಇದೆ, ಎರಡು ಗಂಟೆಗೊಮ್ಮೆ ತಾನೇ ತಿರುಗುತ್ತದೆ. ಇದು ಚೆನ್ನಾಗಿದೆ, ಇಲ್ಲಿಯವರೆಗೆ ಒಂದು ದಿನವೂ ಕೈ ಕೊಟ್ಟಿಲ್ಲ. ಕೆಳಗೆ ನೀರಿಗೆ ಎರಡು ಕಾಲುವೆ. 12 ವೋಲ್ಟ್ ಬ್ಯಾಟರಿಗೆ ತಂತಿ ಕೊಟ್ಟಿದ್ದಾರೆ. ಕರೆಂಟ್ ಹೋದಾಗ ಹಳೇ ಟ್ರಾಕ್ಟರ್ ಬ್ಯಾಟರಿಗೆ ಸಿಕ್ಕಿಸಿದರೆ ಆರಾಮಾಗಿ ನಡೆಯಿತು. ತೊಳೆಯೋದು ಸುಲಭ. ಸದ್ದು ಕಮ್ಮಿ. ಇಷ್ಟು ಮಾತ್ರ ನೋಡಿದರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಮಾರ್ಚ್ ನಡುವಿನಲ್ಲಿ ಮೊದಲ ಬ್ಯಾಚ್ ಇಟ್ಟೆ. ಒಟ್ಟು 42 ಮೊಟ್ಟೆ, ಸುಮಾರು ಎಂಟು ಹತ್ತು ದಿನ ಕೂಡಿಟ್ಟಿದ್ದು. ಏಳನೇ ದಿನ ರಾತ್ರಿ ಲೈಟ್ ಆರಿಸಿ ಟಾರ್ಚ್ ಹಿಡಿದು ನೋಡಿದಾಗ 14 ಮೊಟ್ಟೆ ಖಾಲಿ ಕಂಡವು. ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಗೇ ಹಾದುಹೋಗುತ್ತಿತ್ತು, ಒಳಗೆ ಒಂದು ನರವೂ ಕಾಣಲಿಲ್ಲ. ತೆಗೆದು ಪಕ್ಕಕ್ಕಿಟ್ಟೆ. 21ನೇ ದಿನ ಮರಿ ಬರೋಕೆ ಶುರುವಾಯಿತು. 22ನೇ ದಿನ ಸಂಜೆಗೆ ಎಣಿಸಿದರೆ 11 ಮರಿ. ನಲವತ್ತೆರಡಕ್ಕೆ ಹನ್ನೊಂದು! ಅತ್ತೆ ಏನೂ ಮಾತಾಡಲಿಲ್ಲ. ಬಯ್ದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಒಂದೇ ನಿಮಿಷದಲ್ಲಿ ತೀರ್ಪು ಬಂತು. "ಮೇಡಂ, ನಿಮ್ಮ ಮೊಟ್ಟೆ ಇನ್‌ಫರ್ಟೈಲ್. ಹುಂಜ ಬದಲಾಯಿಸಿ." ಜೊತೆಗೆ ಬಂದಿದ್ದ ಕನ್ನಡದ ಹಾಳೆಯಲ್ಲೂ ಇದೇ ಮಾತಿದೆ. ಟಾರ್ಚಿಗೆ ಖಾಲಿ ಕಂಡರೆ ಅದು ಇನ್‌ಫರ್ಟೈಲ್, ಅಂದರೆ ಗೊಡ್ಡು ಮೊಟ್ಟೆ, ಅಂತ. ಅದರ ಕೆಳಗೆ ಇನ್ನೊಂದು ಸಾಲು: "ನಾಲ್ಕನೇ ದಿನ ಮೊಟ್ಟೆಯೊಳಗೆ ಭ್ರೂಣ ಹುಟ್ಟುತ್ತದೆ."

ಈ ಎರಡೂ ಮಾತು ತಪ್ಪು. ಆದರೆ ಆವತ್ತು ನನಗೆ ಅದು ಗೊತ್ತಿರಲಿಲ್ಲ. ಅತ್ತೆಗೆ ಹೇಳಿದೆ. "ಹಂಗಂದ್ರೆ ಹುಂಜಂಗೆ ವಯಸ್ಸಾಯ್ತೇನೋ ಕಣಮ್ಮ, ಬರೋ ಸಂತೆಗೆ ಕೊಟ್ಟುಬಿಡೋಣ ಬಿಡು" ಅಂದರು. ಆ ಹುಂಜ ಅವರೇ ಮರಿಯಿಂದ ಸಾಕಿದ್ದು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಸಂತೆಗೆ ಇನ್ನೂ ಐದು ದಿನ ಇತ್ತು. ಅಷ್ಟರಲ್ಲಿ ಕರುವಿಗೆ ಮದ್ದು ತರೋಕೆ ಪಶು ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿನ ಡಾಕ್ಟರ್ ಹತ್ತಿರ ಮಾತಿಗೆ ಮಾತು ಬಂದು ಇದನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಆ ಖಾಲಿ ಮೊಟ್ಟೆಗಳನ್ನ ಒಡೆದು ನೋಡಿದ್ರಾ?" ಇಲ್ಲ ಅಂದೆ. "ಒಡೆದು ನೋಡದೆ ಇನ್‌ಫರ್ಟೈಲ್ ಅಂತ ಯಾರೂ ಹೇಳೋಕಾಗಲ್ಲಮ್ಮ. ಬ್ಲಾಸ್ಟೊಡಿಸ್ಕ್ ಇದೆಯೋ ಬ್ಲಾಸ್ಟೊಡರ್ಮ್ ಇದೆಯೋ ನೋಡಿ, ಆಮೇಲೆ ಹುಂಜ ಮಾರಿ" ಅಂದರು. ಒಂದು ಚೀಟಿಯ ಹಿಂದೆ ಎರಡು ಚಿತ್ರ ಬರೆದು ಕೊಟ್ಟರು. ಆ ಚೀಟಿ ಈಗಲೂ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ.

ಆ ಎರಡು ಪದ ಏನು ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಯಾವ ಕೋಳಿ ಮೊಟ್ಟೆಯನ್ನೇ ಆಗಲಿ ತಟ್ಟೆಗೆ ಒಡೆದು ಹಾಕಿ. ಹಳದಿ ಭಂಡಾರದ ಮೇಲೆ ಎಲ್ಲೋ ಒಂದು ಕಡೆ ಸಣ್ಣ ಬಿಳಿ ಚುಕ್ಕೆ ಇರುತ್ತದೆ. ಕಾಣದಿದ್ದರೆ ಚಮಚದ ಹಿಂಬದಿಯಿಂದ ಭಂಡಾರವನ್ನು ಮೆಲ್ಲಗೆ ಹೊರಳಿಸಿ, ಸಿಗುತ್ತದೆ. ಜೀವ ಶುರುವಾಗುವ ಜಾಗ ಅದೊಂದೇ. ಮಿಕ್ಕ ಹಳದಿಯೆಲ್ಲಾ ಊಟ, ಬಿಳಿ ಲೋಳೆ ನೀರು ಮತ್ತು ರಕ್ಷಣೆ. ಹುಂಜದ ಸಂಪರ್ಕ ಇಲ್ಲದ ಮೊಟ್ಟೆಯಲ್ಲಿ ಆ ಚುಕ್ಕೆ ಚಿಕ್ಕದಾಗಿ, ಗಟ್ಟಿ ಬಿಳಿಯಾಗಿ, ಅಂಚು ಒರಟೊರಟಾಗಿ ಇರುತ್ತದೆ. ಸುಣ್ಣದ ಹನಿ ಬಿದ್ದ ಹಾಗೆ. ಅಗಲ ಎರಡು ಮೂರು ಮಿಲಿಮೀಟರ್ ಅಷ್ಟೇ. ಅದು ಬ್ಲಾಸ್ಟೊಡಿಸ್ಕ್. ಹುಂಜದಿಂದ ಫಲಿಸಿದ ಮೊಟ್ಟೆಯಲ್ಲಿ ಅದೇ ಜಾಗದಲ್ಲಿ ನಾಲ್ಕೈದು ಮಿಲಿಮೀಟರ್ ಅಗಲದ ಗುಂಡನೆಯ ಉಂಗುರ ಕಾಣುತ್ತದೆ. ಹೊರಗೆ ಬಿಳಿ ಅಂಚು, ನಡುವೆ ತಿಳಿ. ಬಳೆ ಇಟ್ಟ ಹಾಗೆ. ಅದು ಬ್ಲಾಸ್ಟೊಡರ್ಮ್.

ಬ್ಲಾಸ್ಟೋಸ್ ಅಂದರೆ ಗ್ರೀಕಲ್ಲಿ ಮೊಳಕೆ, ಚಿಗುರು. ಡಿಸ್ಕ್ ಅಂದರೆ ಬಿಲ್ಲೆ, ಡರ್ಮ ಅಂದರೆ ಚರ್ಮ. ಒಂದು ಮೊಳಕೆಯ ಬಿಲ್ಲೆ, ಇನ್ನೊಂದು ಮೊಳಕೆಯ ಪೊರೆ. ಕಾಳು ನೆನೆ ಹಾಕಿದವರಿಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಕಾಳಿನ ಮೂತಿಯಲ್ಲಿ ಮೊಳಕೆ ಬರುವ ಒಂದು ಚುಕ್ಕೆ ಇರುತ್ತಲ್ಲ, ಇದೂ ಹಾಗೇ. ಬ್ಲಾಸ್ಟೊಡರ್ಮ್ ಅನ್ನುವ ಪದವನ್ನು ಮೊದಲು ಬಳಕೆಗೆ ತಂದವರು ಕ್ರಿಶ್ಚಿಯನ್ ಪ್ಯಾಂಡರ್. ಅವರು 1817ರಲ್ಲಿ ಜರ್ಮನಿಯ ವುರ್ತ್ಸ್‌ಬರ್ಗ್‌ನಲ್ಲಿ ಕೋಳಿ ಮೊಟ್ಟೆಗಳನ್ನೇ ಒಡೆದು ನೋಡುತ್ತಾ, ಆ ಪೊರೆಯಲ್ಲಿ ಮೂರು ಪದರ ಇದೆ, ಆ ಪದರಗಳಿಂದಲೇ ಮರಿ ರೂಪುಗೊಳ್ಳುತ್ತದೆ ಅಂತ ತೋರಿಸಿದರು. ಅದಕ್ಕೂ ಎರಡು ಸಾವಿರ ವರ್ಷ ಹಿಂದೆ ಅರಿಸ್ಟಾಟಲ್ ಇದೇ ಕೆಲಸ ಮಾಡಿದ್ದ. ಕಾವು ಕೊಟ್ಟ ಮೊಟ್ಟೆ ತೆಗೆದು ನೋಡಿ, ಮೂರು ದಿನ ಕಳೆದ ಮೇಲೆ ರಕ್ತದ ಒಂದು ಚುಕ್ಕೆ ಮಿಡಿಯುತ್ತದೆ, ಅದೇ ಹೃದಯ ಅಂತ ಬರೆದಿಟ್ಟ. ನಾನು ಅಡುಗೆಮನೆಯ ಕಟ್ಟೆ ಮೇಲೆ ಮಾಡಿದ್ದೂ ಅದನ್ನೇ ಅಂತ ಆಮೇಲೆ ಓದಿದಾಗ ಮೈ ಜುಂ ಅಂತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾಲೇಜಿನ ಜೀವಶಾಸ್ತ್ರದ ಪುಸ್ತಕ ತೆಗೆದರೆ ಬ್ಲಾಸ್ಟೊಡಿಸ್ಕ್ ಪದವನ್ನು ಸ್ವಲ್ಪ ಬೇರೆ ರೀತಿ ಬಳಸಿರುತ್ತಾರೆ. ಅಲ್ಲಿ ಭಂಡಾರದ ಮೇಲಿನ ಆ ಬಿಲ್ಲೆಗೆ ಫಲಿಸುವ ಮುಂಚೆಯೂ ಬ್ಲಾಸ್ಟೊಡಿಸ್ಕ್ ಅಂತಲೇ ಹೆಸರು, ಫಲಿಸಿ ಇನ್ನೇನು ಕೋಶ ಒಂದು ಎರಡಾಗಿ ಒಡೆಯೋಕೆ ಶುರುವಾದಾಗಲೂ ಅದೇ ಹೆಸರು. ಒಡೆದು ಒಡೆದು ಕೋಶಗಳ ಪೊರೆಯಾದ ಮೇಲೆ ಬ್ಲಾಸ್ಟೊಡರ್ಮ್. ಮರಿ ಮಾಡಿಸುವ ಹ್ಯಾಚರಿಯವರಿಗೆ ಇಷ್ಟು ನಾಜೂಕು ಬೇಕಿಲ್ಲ, ಯಾಕೆಂದರೆ ಅವರ ಕೈಗೆ ಬರುವುದು ಇಟ್ಟಾದ ಮೇಲಿನ ಮೊಟ್ಟೆ. ಆ ಹೊತ್ತಿಗೆ ಬಿಲ್ಲೆ ಬಿಲ್ಲೆಯಾಗೇ ಉಳಿದಿದ್ದರೆ ಗೊಡ್ಡು, ಪೊರೆಯಾಗಿದ್ದರೆ ಫಲಿತ. ಹಾಗಾಗಿ ಅವರ ಬಾಯಲ್ಲಿ ಬ್ಲಾಸ್ಟೊಡಿಸ್ಕ್ ಅಂದರೆ ಭ್ರೂಣ ಇಲ್ಲ ಅಂತಲೂ ಬ್ಲಾಸ್ಟೊಡರ್ಮ್ ಅಂದರೆ ಇದೆ ಅಂತಲೂ ಅರ್ಥ. ಎರಡೂ ಬಳಕೆ ಸರಿ. ಯಾರ ಜೊತೆ ಮಾತಾಡುತ್ತಿದ್ದೀರಿ ಅನ್ನೋದು ಗೊತ್ತಿದ್ದರೆ ಸಾಕು. ಇನ್ನು ಐವಿಎಫ್ ಆಸ್ಪತ್ರೆಯ ರಿಪೋರ್ಟಿನಲ್ಲಿ ಬರುವ ಬ್ಲಾಸ್ಟೊಸಿಸ್ಟ್ ಬೇರೆ. ಅದೇ ಮೊಳಕೆಯ ಬೇರಿನಿಂದ ಬಂದ ಪದ, ಆದರೆ ಅದು ಮನುಷ್ಯರಲ್ಲಿ ಐದಾರು ದಿನದ ಹೊತ್ತಿಗೆ, ಹಸು ಎಮ್ಮೆಗಳಲ್ಲಿ ಸುಮಾರು ಒಂದು ವಾರದ ಹೊತ್ತಿಗೆ ಟೊಳ್ಳು ಚೆಂಡಿನ ಹಾಗೆ ಆಗುವ ಹಂತಕ್ಕೆ ಹೇಳೋದು. ಕೋಳಿ ಮೊಟ್ಟೆಗೆ ಆ ಪದ ಬಳಸಬೇಡಿ.

ಹಾಗಾದರೆ "ನಾಲ್ಕನೇ ದಿನ ಭ್ರೂಣ ಹುಟ್ಟುತ್ತದೆ" ಅನ್ನುವ ಮಾತು ಯಾಕೆ ತಪ್ಪು? ಮೊಟ್ಟೆ ಹೊರಗೆ ಬರುವ ಹೊತ್ತಿಗೇ ಭ್ರೂಣ ಅದರೊಳಗೆ ಇರುತ್ತದೆ. ಭಂಡಾರ ಅಂಡಾಶಯದಿಂದ ಜಾರಿ ಬಂದ ಕಾಲು ಗಂಟೆಯೊಳಗೆ, ಸುತ್ತ ಲೋಳೆ ಕಟ್ಟುವ ಮುಂಚೆಯೇ, ಫಲಿಸುವುದು ಮುಗಿದಿರುತ್ತದೆ. ಆಮೇಲೆ ಲೋಳೆ, ಪೊರೆ, ಚಿಪ್ಪು ಎಲ್ಲಾ ಸೇರಿ ಮೊಟ್ಟೆ ಪೂರ್ತಿಯಾಗೋಕೆ ಒಂದು ದಿನದ ಮೇಲೆ ಸ್ವಲ್ಪ ಹೊತ್ತು ಬೇಕು. ಆ ಅಷ್ಟೂ ಹೊತ್ತು ತಾಯಿಯ ಮೈ ಬಿಸಿ, ಸುಮಾರು 41 ಡಿಗ್ರಿ. ಕೋಶಗಳು ಒಡೆಯುತ್ತಲೇ ಇರುತ್ತವೆ. ಮೊಟ್ಟೆ ಗೂಡಿಗೆ ಬೀಳುವಾಗ ಆ ಪೊರೆಯಲ್ಲಿ 40,000ದಿಂದ 60,000 ಕೋಶ ಇರುತ್ತವೆ. ಹೊರಗಿನ ತಂಪು ತಾಗಿದ ಕೂಡಲೇ ಎಲ್ಲಾ ನಿಂತುಬಿಡುತ್ತದೆ. ಸತ್ತಿಲ್ಲ, ನಿದ್ದೆ. ಬಿಸಿ ಸಿಕ್ಕಿದರೆ ಮತ್ತೆ ಎದ್ದು ಮುಂದುವರಿಯುತ್ತದೆ. ಹೇಂಟೆ ದಿನಕ್ಕೊಂದರಂತೆ ಹನ್ನೆರಡು ದಿನ ಮೊಟ್ಟೆ ಇಟ್ಟರೂ ಮರಿಗಳೆಲ್ಲಾ ಒಂದೇ ದಿನ ಬರುವುದು ಇದರಿಂದಲೇ. ಮೊದಲು ಇಟ್ಟಿದ್ದು ಕೊನೆಯದಕ್ಕಾಗಿ ಕಾಯುತ್ತಾ ಮಲಗಿರುತ್ತದೆ. ನಾಲ್ಕನೇ ದಿನ ಆಗುವುದು ಇಷ್ಟೇ: ನರಗಳು ಜೇಡರ ಬಲೆಯಂತೆ ಹರಡಿ ನಮ್ಮ ಟಾರ್ಚಿಗೆ ಕಾಣಿಸುತ್ತವೆ. ಹೃದಯ ಅದಕ್ಕೂ ಮುಂಚೆ, ಎರಡನೇ ದಿನವೇ ಬಡಿಯೋಕೆ ಶುರುವಾಗಿರುತ್ತದೆ.

ಈಗ ನನ್ನ ಮೊಟ್ಟೆಗಳ ವಿಷಯಕ್ಕೆ ಬರುತ್ತೇನೆ. ತೆಗೆದಿಟ್ಟ 14 ಮೊಟ್ಟೆ ಹಿತ್ತಲಲ್ಲಿ ಬಕೆಟ್ಟಿನಲ್ಲೇ ಇದ್ದವು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಂದೊಂದೇ ಒಡೆದೆ. ಬಿಳಿ ತಟ್ಟೆಯಲ್ಲಿ, ಬಿಸಿಲಿಗೆ ಹಿಡಿದು. ಐದು ಮೊಟ್ಟೆಯಲ್ಲಿ ಆ ಸುಣ್ಣದ ಹನಿ ಮಾತ್ರ ಇತ್ತು. ಅವು ನಿಜವಾದ ಗೊಡ್ಡು. ಉಳಿದ ಒಂಬತ್ತರಲ್ಲಿ ಹಾಗಿರಲಿಲ್ಲ. ಆರರಲ್ಲಿ ಭಂಡಾರದ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕೆನೆ ಬಣ್ಣದ ಪೊರೆ ಹರಡಿತ್ತು, ರಕ್ತ ಇಲ್ಲ. ಅಂದರೆ ಒಂದೆರಡು ದಿನ ಬೆಳೆದು ನಿಂತುಹೋಗಿದೆ. ಮೂರರಲ್ಲಿ ಕೂದಲೆಳೆಯಷ್ಟು ತೆಳು ಕೆಂಪು ಉಂಗುರ. ಇದನ್ನು ರಕ್ತದ ಉಂಗುರ ಅಂತಲೇ ಕರೆಯುತ್ತಾರೆ. ನರಗಳು ಹುಟ್ಟಿ, ಭ್ರೂಣ ಸತ್ತಮೇಲೆ ರಕ್ತ ಅಂಚಿಗೆ ಸರಿದು ಹೀಗಾಗುತ್ತದೆ. ಟಾರ್ಚಿಗೆ ಇದು ಸರಿಯಾಗಿ ಹಿಡಿದರೆ ಕಾಣುತ್ತದೆ, ನಾನು ಅವಸರದಲ್ಲಿ ಗಮನಿಸಿರಲಿಲ್ಲ.

ಕೊನೆಗೆ ಉಳಿದ 17 ಮೊಟ್ಟೆಯನ್ನೂ ಒಡೆದೆ. ಇದು ಕಷ್ಟದ ಕೆಲಸ, ಸುಳ್ಳು ಹೇಳಲ್ಲ. ಆರರಲ್ಲಿ ನಡುವೆಯೇ ನಿಂತಿತ್ತು. ಒಂದರಲ್ಲಿ ಕಣ್ಣು ಕಪ್ಪು ಚುಕ್ಕೆಯಾಗಿತ್ತು, ಇನ್ನೊಂದರಲ್ಲಿ ಪುಕ್ಕ ಬರೋಕೆ ಶುರುವಾಗಿತ್ತು. ಹನ್ನೊಂದರಲ್ಲಿ ಪೂರ್ತಿ ಮರಿ. ಕೊಕ್ಕಿನ ತುದಿಯಲ್ಲಿ ಚಿಪ್ಪು ಒಡೆಯೋಕೆ ಇರುವ ಆ ಚಿಕ್ಕ ಬಿಳಿ ಮುಳ್ಳು ಕೂಡ ಬಂದಿತ್ತು. ಮೈಯೆಲ್ಲಾ ಒದ್ದೆ, ಅಂಟು. ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. "ಪಾಪ, ಇಷ್ಟೆಲ್ಲಾ ಆಗಿತ್ತಲ್ಲೇ" ಅಂದರು.

ಲೆಕ್ಕ ನೋಡಿ. 42ರಲ್ಲಿ ಗೊಡ್ಡು 5. ಫಲಿಸಿದ್ದು 37. ಅಂದರೆ ನೂರಕ್ಕೆ 88. ಹುಂಜ ತನ್ನ ಕೆಲಸ ಚೆನ್ನಾಗಿಯೇ ಮಾಡಿದೆ! ಎಂಟು ಹತ್ತು ಹೇಂಟೆಗೆ ಒಂದು ಹುಂಜ ಅನ್ನುವುದು ವಾಡಿಕೆಯ ಲೆಕ್ಕ, ನಮ್ಮದು ಅದರೊಳಗೇ ಇದೆ. ಆ 37ರಲ್ಲಿ ಮರಿಯಾಗಿದ್ದು 11, ಅಂದರೆ ನೂರಕ್ಕೆ 30 ಕೂಡ ಇಲ್ಲ. ತಪ್ಪಾಗಿರುವುದು ಹೇಂಟೆ ಮೊಟ್ಟೆ ಇಟ್ಟ ಮೇಲೆ ಎಲ್ಲೋ. ಒಂದೋ ನಾನು ಕೂಡಿಟ್ಟ ರೀತಿಯಲ್ಲಿ, ಇಲ್ಲಾ ಮಿಷನ್ನಿನಲ್ಲಿ. ಇನ್‌ಫರ್ಟೈಲ್ ಅನ್ನೋ ಒಂದು ಪದ ಅದನ್ನೆಲ್ಲಾ ಮುಚ್ಚಿ, ಮಾತಾಡೋಕೆ ಬಾರದ ಹುಂಜದ ಮೇಲೆ ಹಾಕಿತ್ತು. ನನಗೆ ಸಿಟ್ಟು ಬಂದಿದ್ದು ಇದಕ್ಕೆ. ಮಾರುವವರಿಗೆ ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಕಲಿಯಲಿ, ಗೊತ್ತಿದ್ದೂ ಹೇಳಿದ್ದರೆ ಅದು ಅನ್ಯಾಯ.

ತಪ್ಪು ಎಲ್ಲಿ ಅಂತ ಹುಡುಕಿದಾಗ ಮೊದಲು ಸಿಕ್ಕಿದ್ದು ನನ್ನದೇ. ಅತ್ತೆ ಮೊಟ್ಟೆಗಳನ್ನು ಯಾವಾಗಲೂ ನಡುಮನೆಯ ಮೂಲೆಯಲ್ಲಿ, ಕತ್ತಲೆಯಲ್ಲಿ, ರಾಗಿ ತುಂಬಿದ ಬುಟ್ಟಿಯ ಮೇಲೆ ಇಡುತ್ತಿದ್ದರು. ನಾನು ಬೆಕ್ಕಿಗೆ ಸಿಗಬಾರದು ಅಂತ ಫ್ರಿಜ್ ಮೇಲೆ ಇಟ್ಟೆ. ಮಾರ್ಚ್ ಬಿಸಿಲು, ಫ್ರಿಜ್ ತಲೆಯ ಮೇಲಿನ ಬಿಸಿ. ಕಾವಿನ ಮೊಟ್ಟೆಯನ್ನು 15ರಿಂದ 18 ಡಿಗ್ರಿಯಲ್ಲಿ ಇಡಬೇಕು, ಏಳು ದಿನಕ್ಕಿಂತ ಜಾಸ್ತಿ ಕೂಡಿಡಬಾರದು. ಇಪ್ಪತ್ತು ದಾಟಿದರೆ ಮಲಗಿದ್ದ ಬ್ಲಾಸ್ಟೊಡರ್ಮ್ ಅರ್ಧಂಬರ್ಧ ಎದ್ದೇಳುತ್ತದೆ. ಪೂರ್ತಿ ಬೆಳೆಯೋಕೆ ಬೇಕಾದ ಬಿಸಿ ಇಲ್ಲ, ಮಲಗೋಕೆ ಬೇಕಾದ ತಂಪೂ ಇಲ್ಲ. ಹಾಗೇ ಸೊರಗಿ, ಮಿಷನ್ನಿಗೆ ಹೋದ ಒಂದೆರಡು ದಿನಕ್ಕೆ ಸಾಯುತ್ತದೆ. ಆ ಆರು ಕೆನೆ ಪೊರೆಯ ಮೊಟ್ಟೆಗಳು ಬಹುಶಃ ಹೀಗೇ ಹೋದವು. ನಮ್ಮ ಬೇಸಿಗೆಯಲ್ಲಿ 18 ಡಿಗ್ರಿ ಎಲ್ಲಿ ಸಿಗಬೇಕು, ನಿಜ. ಆದರೆ ರಾಗಿ ಬುಟ್ಟಿ ಫ್ರಿಜ್ ತಲೆಗಿಂತ ಎಷ್ಟೋ ಮೇಲು. ಈಗ ಮಣ್ಣಿನ ಮಡಕೆಯನ್ನು ಒದ್ದೆ ಮರಳಲ್ಲಿ ಹೂತು, ಒಳಗೆ ಒಣ ಬಟ್ಟೆ ಹಾಸಿ ಇಡುತ್ತೇವೆ, ಐದಾರು ದಿನಕ್ಕೆ ಮಿಷನ್ನಿಗೆ ಹಾಕಿಬಿಡುತ್ತೇವೆ.

ಎರಡನೆಯದು ಮಿಷನ್ನಿನ ತಪ್ಪು. ಡಿಸ್‌ಪ್ಲೇ 37.8 ಅಂತ ತೋರಿಸುತ್ತಿತ್ತು. ಫ್ಯಾನ್ ಇರುವ ಮಿಷನ್ನಿಗೆ 37.5 ಆಸುಪಾಸು ಇರಬೇಕು, ಅಷ್ಟರ ಮಟ್ಟಿಗೆ ಸರಿ. ಡಾಕ್ಟರ್ ಹೇಳಿದಂತೆ ಸಣ್ಣ ಔಷಧಿ ಬಾಟಲಿಗೆ ನೀರು ತುಂಬಿ, ಜ್ವರ ನೋಡುವ ಪಾದರಸದ ಥರ್ಮಾಮೀಟರ್ ಅದರಲ್ಲಿ ಅದ್ದಿ, ಮೊಟ್ಟೆ ಇಡುವ ಜಾಗದಲ್ಲೇ ಮೂರು ಗಂಟೆ ಇಟ್ಟೆ. ಗಾಳಿಯ ಬಿಸಿ ಏರಿಳಿಯುತ್ತದೆ, ಬಾಟಲಿಯ ನೀರು ಮೊಟ್ಟೆಯ ಹಾಗೇ ನಿಧಾನವಾಗಿ ಕಾಯುತ್ತದೆ, ಅದಕ್ಕೆ ಈ ಉಪಾಯ. ಒಂದು ಮೂಲೆಯಲ್ಲಿ 102.6 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 39.2 ಸೆಲ್ಸಿಯಸ್. ಎದುರು ಮೂಲೆಯಲ್ಲಿ 99, ಅಂದರೆ 37.2. ಒಂದೇ ಡಬ್ಬಿಯಲ್ಲಿ ಎರಡು ಡಿಗ್ರಿ ವ್ಯತ್ಯಾಸ! ಮನುಷ್ಯನಿಗೆ ಒಂದೂವರೆ ಡಿಗ್ರಿ ಏರಿದರೆ ಜ್ವರ ಬಂತು ಅಂತ ಮಲಗುತ್ತೇವೆ. ನರ ಮೂಡುತ್ತಿರುವ ಭ್ರೂಣದ ಪಾಡು ಯೋಚಿಸಿ. ಮಿಷನ್ನಿನಲ್ಲಿ ಓದು ಸರಿಮಾಡೋಕೆ ಕ್ಯಾಲಿಬ್ರೇಷನ್ ಅಂತ ಒಂದು ಸೆಟ್ಟಿಂಗ್ ಇದೆ, ಬಟನ್ ಒತ್ತಿ ಹಿಡಿದರೆ ಬರುತ್ತದೆ. ಕನ್ನಡದ ಹಾಳೆಯಲ್ಲಿ ಅದರ ಸುದ್ದಿಯೇ ಇಲ್ಲ. ಅದನ್ನು ತಿದ್ದಿದೆ. ಮೂಲೆ ಮೂಲೆಯ ವ್ಯತ್ಯಾಸ ಪೂರ್ತಿ ಹೋಗಲಿಲ್ಲ, ಹಾಗಾಗಿ ದಿನಕ್ಕೊಮ್ಮೆ ಆ ಕಡೆ ಮೊಟ್ಟೆ ಈ ಕಡೆಗೆ ಬದಲಾಯಿಸುತ್ತೇನೆ.

ಮೂರನೆಯದು ತೇವ. ಪೂರ್ತಿ ಬೆಳೆದು ಚಿಪ್ಪಿನೊಳಗೇ ಸತ್ತ ಹನ್ನೊಂದು ಮರಿ ಒದ್ದೆಯಾಗಿದ್ದವು ಅಂದೆನಲ್ಲ, ಕಾರಣ ಇಲ್ಲಿದೆ. ಮೊದಲ 18 ದಿನ ಒಳಗಿನ ಗಾಳಿಯ ತೇವ ನೂರಕ್ಕೆ 50-55 ಇದ್ದರೆ ಸಾಕು, ಕೊನೆಯ ಮೂರು ದಿನ 65-70. ಮೊಟ್ಟೆ ಮೊದಲ 18 ದಿನದಲ್ಲಿ ತೂಕದಲ್ಲಿ ನೂರಕ್ಕೆ ಹನ್ನೆರಡರಷ್ಟು ನೀರು ಕಳೆದುಕೊಳ್ಳಬೇಕು, ಆಗಲೇ ಅಗಲ ತುದಿಯ ಗಾಳಿ ಗೂಡು ದೊಡ್ಡದಾಗಿ ಮರಿಗೆ ಮೊದಲ ಉಸಿರು ಸಿಗುವುದು. ನಾನು ಮೊದಲ ದಿನದಿಂದಲೇ ಎರಡೂ ಕಾಲುವೆ ತುಂಬಿಸಿದ್ದೆ. ಡಿಸ್‌ಪ್ಲೇ 55 ತೋರಿಸುತ್ತಿತ್ತು. ಬೇರೆ ಒಂದು ಸಣ್ಣ ತೇವ ಮಾಪಕ ತಂದು ಒಳಗಿಟ್ಟರೆ 70. ಯಾವುದನ್ನು ನಂಬುವುದು? ಉಪ್ಪಿನ ಪರೀಕ್ಷೆ ಮಾಡಿದೆ. ಅಡುಗೆ ಉಪ್ಪಿಗೆ ಸ್ವಲ್ಪ ನೀರು ಹಾಕಿ ಮುದ್ದೆಯ ಹಾಗೆ ಮಾಡಿ, ಮುಚ್ಚಿದ ಡಬ್ಬಿಯಲ್ಲಿ ಮಾಪಕದ ಜೊತೆ ರಾತ್ರಿಯಿಡೀ ಇಟ್ಟರೆ ಬೆಳಗ್ಗೆ ಅದು 75 ತೋರಿಸಬೇಕು. ನನ್ನದು 74 ತೋರಿಸಿತು. ಅಂದರೆ ಸುಳ್ಳು ಹೇಳುತ್ತಿದ್ದದ್ದು ಮಿಷನ್. ಈಗ ಅಡುಗೆಮನೆಯ ತಕ್ಕಡಿಯಲ್ಲಿ ಐದು ಮೊಟ್ಟೆ ಗುರುತು ಹಾಕಿ ತೂಗುತ್ತೇನೆ. 45 ಗ್ರಾಂ ಇದ್ದದ್ದು 18ನೇ ದಿನಕ್ಕೆ 39.5 ಆಸುಪಾಸು ಬಂದರೆ ಸರಿ.

ಈ ನಡುವೆ ಇನ್ನೊಂದು ಪದದ ಗೊಂದಲವನ್ನೂ ಹೇಳಬೇಕು. ನಮ್ಮ ಪಕ್ಕದ ತೋಟದವರು ಮಿಷನ್ ತಂದಿಲ್ಲ, ದುಡ್ಡು ಕೊಟ್ಟು ಹ್ಯಾಚರಿಯಲ್ಲಿ ಮರಿ ಮಾಡಿಸುತ್ತಾರೆ. ಅಲ್ಲಿಂದ ಬಂದ ಚೀಟಿಯಲ್ಲಿ "ಡೆಡ್ ಜರ್ಮ್ 19" ಅಂತ ಇತ್ತು. ಜರ್ಮ್ ಅಂದರೆ ಕ್ರಿಮಿ ಅಂದುಕೊಂಡು ಪಾಪ ಅವರು ಕೋಳಿ ಗೂಡಿಗೆಲ್ಲಾ ಎರಡು ಸಲ ಔಷಧಿ ಹೊಡೆಸಿದರು. ಇಲ್ಲಿ ಜರ್ಮ್ ಅಂದರೆ ಕ್ರಿಮಿಯಲ್ಲ, ಮತ್ತೆ ಅದೇ ಮೊಳಕೆ. ಗೋಧಿಯ ಮೊಳಕೆ ಭಾಗಕ್ಕೆ ವೀಟ್ ಜರ್ಮ್ ಅನ್ನುತ್ತಾರಲ್ಲ, ಅದೇ ಜರ್ಮ್. ಡೆಡ್ ಜರ್ಮ್ ಅಂದರೆ ಶುರುವಿನಲ್ಲೇ ಸತ್ತ ಭ್ರೂಣ. ಡೆಡ್ ಇನ್ ಶೆಲ್ ಅಂದರೆ ಪೂರ್ತಿ ಬೆಳೆದು ಚಿಪ್ಪಿನಲ್ಲಿ ಸತ್ತದ್ದು. ಮೊದಲನೆಯದು ಜಾಸ್ತಿ ಇದ್ದರೆ ಮೊಟ್ಟೆ ಕೂಡಿಟ್ಟ ರೀತಿ ಮತ್ತು ಮೊದಲ ವಾರದ ಬಿಸಿ ನೋಡಿ, ಎರಡನೆಯದು ಜಾಸ್ತಿ ಇದ್ದರೆ ತೇವ, ಗಾಳಿ, ಹೊರಳಿಸುವುದು ನೋಡಿ. ಇನ್‌ಫರ್ಟೈಲ್ ಜಾಸ್ತಿ ಇದ್ದರೆ ಮಾತ್ರ ಹುಂಜದ ಕಡೆ ತಿರುಗಿ. ಚೀಟಿ ಬರೆಯುವವರು ಇದನ್ನು ಬಾಯಲ್ಲಿ ಒಂದು ಸಲ ಹೇಳಿದ್ದರೆ ಅವರ ಔಷಧಿ ದುಡ್ಡು ಉಳಿಯುತ್ತಿತ್ತು.

ಅಂಗಡಿ ಮೊಟ್ಟೆ ತಿನ್ನುವ ಬಗ್ಗೆಯೂ ಈಗ ಮನೆಯಲ್ಲಿ ಪ್ರಶ್ನೆ ಬರುತ್ತದೆ. ನಮ್ಮ ನಾದಿನಿ ಮೊಟ್ಟೆಯೊಳಗಿನ ಬಿಳಿ ಹುರಿಯನ್ನು ನೋಡಿ ಅದೇ ಮರಿ ಅಂದುಕೊಂಡು ವರ್ಷಗಳಿಂದ ಚಮಚದಲ್ಲಿ ತೆಗೆದು ಬಿಸಾಡುತ್ತಿದ್ದಳು. ಅದು ಭಂಡಾರವನ್ನು ನಡುವಿನಲ್ಲಿ ಹಿಡಿದಿಡುವ ಹುರಿ ಅಷ್ಟೇ, ಎಲ್ಲಾ ಮೊಟ್ಟೆಯಲ್ಲೂ ಇರುತ್ತದೆ. ಕೆಲವೊಮ್ಮೆ ಕಾಣುವ ರಕ್ತದ ಚುಕ್ಕೆಯೂ ಮರಿಯಲ್ಲ, ಭಂಡಾರ ಜಾರುವಾಗ ಸಣ್ಣ ನರ ಒಡೆದು ಬಿದ್ದ ಹನಿ. ಮೊಟ್ಟೆಗಾಗಿಯೇ ಕೋಳಿ ಸಾಕುವ ಲೇಯರ್ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ, ಹಾಗಾಗಿ ಅಂಗಡಿ ಮೊಟ್ಟೆಯಲ್ಲಿ ಇರುವುದು ಬ್ಲಾಸ್ಟೊಡಿಸ್ಕ್ ಮಾತ್ರ. ಹೋಲಿಸಿ ನೋಡೋಕೆ ಅದು ಒಳ್ಳೆಯ ಮೊಟ್ಟೆ ಕೂಡ. ಒಂದು ತಟ್ಟೆಗೆ ಅಂಗಡಿ ಮೊಟ್ಟೆ, ಇನ್ನೊಂದಕ್ಕೆ ಮನೆಯ ಮೊಟ್ಟೆ ಒಡೆದು ಪಕ್ಕ ಪಕ್ಕ ಇಟ್ಟರೆ ಹನಿ ಯಾವುದು, ಬಳೆ ಯಾವುದು ಅಂತ ಮಕ್ಕಳೂ ಹೇಳುತ್ತಾರೆ. ಕಾವಿಗೆ ಇಡುವ ಮುಂಚೆ ಹೀಗೆ ನಾಲ್ಕೈದು ಮೊಟ್ಟೆ ಒಡೆದು ನೋಡಿ ಆಮ್ಲೆಟ್ ಮಾಡಿಕೊಳ್ಳಿ. ಹುಂಜ ಹೇಗಿದೆ ಅನ್ನೋದು ಇಪ್ಪತ್ತೊಂದು ದಿನ ಕಾಯದೆ ಗೊತ್ತಾಗುತ್ತದೆ.

ಎರಡನೇ ಬ್ಯಾಚಿಗೆ ಅದೇ ಹುಂಜ, ಅದೇ ಹೇಂಟೆಗಳು, ಅದೇ ಮಿಷನ್. 40 ಮೊಟ್ಟೆ ಇಟ್ಟೆ. ಒಳಕೋಣೆಯಲ್ಲಿ, ಕಿಟಕಿ ಗಾಳಿ ಬೀಳದ ಕಡೆ. 18ನೇ ದಿನ ಹೊರಳಿಸುವ ಟ್ರೇ ತೆಗೆದು, ನೀರು ಪೂರ್ತಿ ತುಂಬಿಸಿ ಮುಚ್ಚಿದವಳು ಮರಿ ಕೂಗಿದರೂ ಮುಚ್ಚಳ ತೆಗೆಯಲಿಲ್ಲ. ಮರಿ 29 ಬಂದವು. ಉಳಿದದ್ದನ್ನು ಒಡೆದು ನೋಡಿದೆ: ಗೊಡ್ಡು 4, ಶುರುವಿನಲ್ಲಿ ಸತ್ತದ್ದು 3, ಚಿಪ್ಪಿನಲ್ಲಿ ಸತ್ತದ್ದು 4. ಫಲಿಸಿದ 36ಕ್ಕೆ 29 ಅಂದರೆ ನೂರಕ್ಕೆ 80. ನಾಲ್ಕನೇ ದಿನ ರಾತ್ರಿ ಟಾರ್ಚ್ ಹಿಡಿದು ಅತ್ತೆಗೆ ತೋರಿಸಿದ್ದೆ. ಒಳಗೆ ಕೆಂಪು ನರಗಳ ನಡುವೆ ಒಂದು ಚುಕ್ಕೆ ಕುಣಿಯುತ್ತಿತ್ತು. ಅರವತ್ತು ವರ್ಷದಿಂದ ಕೋಳಿ ಕಾವಿಗೆ ಕೂರಿಸಿದವರು, ಒಳಗೆ ಹೀಗಿರುತ್ತೆ ಅಂತ ಮೊದಲ ಸಲ ನೋಡಿದ್ದು. ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಕೊಡಲೇ ಇಲ್ಲ. ತಣ್ಣಗಾಗುತ್ತೆ ಕೊಡಿ ಅತ್ತೆ ಅಂತ ನಾನೇ ಕೇಳಿ ಇಸ್ಕೊಂಡೆ.

ಮಿಷನ್ ತಗೋಬಹುದಾ ಅಂತ ಕೇಳಿದರೆ, ತಗೊಳ್ಳಿ. ಆದರೆ ಬಂದ ದಿನವೇ ಮೊಟ್ಟೆ ಇಡಬೇಡಿ. ಎರಡು ದಿನ ಖಾಲಿ ಓಡಿಸಿ, ನಾಲ್ಕು ಮೂಲೆಯಲ್ಲೂ ಬಾಟಲಿ ಇಟ್ಟು ಬಿಸಿ ನೋಡಿ, ಬೇರೆ ತೇವ ಮಾಪಕ ಕೊಳ್ಳಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡುವ ಮುಂಚೆ ಮೊಟ್ಟೆ ಒಡೆದು, ಚುಕ್ಕೆಯ ಫೋಟೋ ತೆಗೆದಿಟ್ಟುಕೊಳ್ಳಿ. ನಾನು ಎರಡನೇ ಸಲ ಫೋಟೋ ಕಳಿಸಿ, ಇದು ಬ್ಲಾಸ್ಟೊಡರ್ಮ್, ಇದು ರಕ್ತದ ಉಂಗುರ, ಇವು ಇನ್‌ಫರ್ಟೈಲ್ ಹೇಗಾಗುತ್ತವೆ ಅಂತ ಕೇಳಿದಾಗ ಆ ಕಡೆಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಲಿನವರಿಗೆ ಕೊಟ್ಟ. ಮೂರು ದಿನದ ಮೇಲೆ ಹೊಸ ಸೆನ್ಸರ್ ಪುಕ್ಕಟೆ ಕಳಿಸಿದರು. ಅದನ್ನು ಹಾಕಿದ ಮೇಲೆ ತೇವದ ಓದು ನನ್ನ ಮಾಪಕಕ್ಕೆ ಹತ್ತಿರ ಬಂದಿದೆ.

ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಒಂದು ಕಡಿಮೆಯಾಗಿದ್ದು ಸುಳ್ಳು ಓದು ತೋರಿಸಿದ ಸೆನ್ಸರಿಗೆ. ಇನ್ನೊಂದು ಆ ಕನ್ನಡದ ಹಾಳೆಗೆ. ಖಾಲಿ ಕಂಡ ಮೊಟ್ಟೆಯೆಲ್ಲಾ ಗೊಡ್ಡು ಅನ್ನುವ ಸಾಲು, ನಾಲ್ಕನೇ ದಿನ ಭ್ರೂಣ ಹುಟ್ಟುತ್ತದೆ ಅನ್ನುವ ಸಾಲು, ಇವೆರಡನ್ನೂ ತಿದ್ದಿ ಅಚ್ಚು ಹಾಕಿದರೆ ಆ ಸ್ಟಾರ್ ವಾಪಸ್ ಕೊಡುತ್ತೇನೆ.